ಲೈನ್ ಮನೆಗಳಲ್ಲಿ ಪೈಲಟ್ ಅಧ್ಯಯನ: ನನ್ನ ಅನುಭವ

ಕೊಡಗಿನ ಕಾಫಿ ತೋಟಗಳಲ್ಲಿ ಕೆಲಸದವರ ಸಾಲುಮನೆಗಳಾದ ಲೈನ್ ಮನೆಗಳಲ್ಲಿರುವ ಮಹಿಳೆಯರನ್ನು ಮೂರು ತಿಂಗಳು ಬಿಡದೆ ಅನುಸರಿಸಿ, ಕೊನೆಯಲ್ಲಿ ಮತ್ತೆ ಅವರ ಹಿಮೋಗ್ಲೋಬಿನ್ ಅಳೆಯಲು ಸಾಧ್ಯವೇ ಇಲ್ಲ ಎಂದು ನನಗೆ ಹೇಳಿದವರ ಪಟ್ಟಿ ಉದ್ದವಿದೆ. ಅದರಲ್ಲಿ ನನ್ನ ಹಿರಿಯ ಸಹೋದ್ಯೋಗಿಗಳಿದ್ದರು, ಅನುದಾನದ ಅರ್ಜಿಯನ್ನು ಓದಿದ ಪರಿಶೀಲಕರಿದ್ದರು, ತೋಟದ ಮಾಲೀಕರೂ ಇದ್ದರು. ಕಳೆದ ಕೊಯ್ಲಿನಲ್ಲಿ, ಮುಖ್ಯ ಪ್ರಯೋಗಕ್ಕೆ ಮುಂಚಿನ ಸಣ್ಣ ಪರೀಕ್ಷಾರ್ಥ ಅಧ್ಯಯನದಲ್ಲಿ (ಪೈಲಟ್), ನಮ್ಮ ತಂಡ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಮಹಿಳೆಯರನ್ನು ಕೊನೆಯ ಅಳತೆಗೆ ಕರೆತಂದಿತು. ಈ ಜಿಲ್ಲೆಯಲ್ಲಿ ಇದೇ ಬಗೆಯ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು, ನೆನಪಿನಲ್ಲಿರುವ ಅಂಕಿಗಳೊಂದಿಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪ್ರಯೋಗದಲ್ಲಿ ಔಷಧ ಹೊಸದಲ್ಲ. ರಕ್ತಹೀನತೆಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯೇ, ಅದೇ ಚಿಕಿತ್ಸಾ ಪ್ರಮಾಣದಲ್ಲಿ, ಎರಡೂ ಗುಂಪುಗಳಿಗೆ. ಒಂದು ಗುಂಪಿಗೆ ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಮನೆಗೆ ಕೊಡುವುದು, ಇನ್ನೊಂದು ಗುಂಪಿಗೆ ಕೆಲಸದ ಜಾಗದಲ್ಲೇ ಜೊತೆಗೆಲಸದ ಮಹಿಳೆಯೊಬ್ಬರ ಕೈಯಿಂದ ದಿನವೂ ಕೊಡಿಸುವುದು, ಇಷ್ಟೇ ವ್ಯತ್ಯಾಸ. ಯಾವ ಕ್ರಮ ಮೇಲೆಂಬುದು ಮುಖ್ಯ ಪ್ರಯೋಗದ ಪ್ರಶ್ನೆ. ಪೈಲಟ್‌ನಿಂದ ನಮಗೆ ಬೇಕಾಗಿದ್ದದ್ದು ಮಹಿಳೆಯರು ಕೊನೆಯವರೆಗೆ ಸಿಗುತ್ತಾರೆಯೇ, ಮಾತ್ರೆ ನಿಜಕ್ಕೂ ಹೊಟ್ಟೆಗೆ ಸೇರುತ್ತದೆಯೇ, ಅಳತೆಯನ್ನು ನಂಬಬಹುದೇ ಎಂಬ ಮೂರಕ್ಕೆ ಉತ್ತರ. ಪರಿಶೀಲಕರೊಬ್ಬರು ಪೈಲಟ್‌ನ ಫಲಿತಾಂಶಕ್ಕೂ ಪಿ-ಮೌಲ್ಯ (ಕಂಡ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ತೂಗುವ ಅಂಕಿ) ಕೇಳಿದರು. ಪೈಲಟ್ ಇರುವುದು ಪರಿಣಾಮವನ್ನು ಪರೀಕ್ಷಿಸುವುದಕ್ಕಲ್ಲ ಎನ್ನುವ, ಪ್ರಯೋಗಗಳ ವರದಿಗಾಗಿರುವ ಕನ್ಸಾರ್ಟ್ ಮಾರ್ಗಸೂಚಿಯ 2016ರ ಪೈಲಟ್ ವಿಸ್ತರಣೆಯನ್ನು ಲಗತ್ತಿಸಿ ಕಳುಹಿಸಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಮೊದಲ ಸುತ್ತು ಸಂಪೂರ್ಣವಾಗಿ ಸೋತಿತು. ಅನುದಾನ ಜೂನ್‌ನಲ್ಲಿ ಕೈಸೇರಿದ್ದರಿಂದ ಕೆಲಸವೂ ಜೂನ್‌ನಲ್ಲೇ ಆರಂಭವಾಯಿತು, ಮತ್ತು ಮಹಿಳೆಯರನ್ನು ಒಬ್ಬೊಬ್ಬರಾಗಿ ಯಾದೃಚ್ಛಿಕವಾಗಿ ಎರಡು ಗುಂಪಿಗೆ ಹಂಚಲಾಗಿತ್ತು. ಒಂದೇ ಲೈನ್‌ನ ಅಕ್ಕಪಕ್ಕದ ಕೋಣೆಗಳಲ್ಲಿದ್ದ ಇಬ್ಬರು ಬೇರೆ ಬೇರೆ ಗುಂಪಿಗೆ ಸೇರಿದಾಗ ಮಾತ್ರೆಗಳು ಗೋಡೆ ದಾಟದೆ ಇರುವುದಿಲ್ಲ. ತಂಗಿಗೆ, ಅತ್ತೆಗೆ, ಬಸುರಿಯಾದ ನೆರೆಮನೆಯವರಿಗೆ ಹಂಚಿಹೋದವು. ಮಳೆಗಾಲದ ತೇವಕ್ಕೆ ಹಿಮೋಗ್ಲೋಬಿನ್ ಮೀಟರಿನಲ್ಲಿ ರಕ್ತದ ಹನಿ ಹಿಡಿಯುವ ಕ್ಯುವೆಟ್‌ಗಳು ಹಾಳಾದವು. ತೋಟದೊಳಗಿನ ಮಣ್ಣಿನ ರಸ್ತೆಗೆ ಜೀಪೇ ಬೇಕಾದ್ದರಿಂದ ಸುಮಾರು ಮೂರು ಲಕ್ಷದ ಅನುದಾನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಾಡಿಗೆಗೇ ಹೋಯಿತು. ಕೊನೆಯ ಅಳತೆಗೆ ಅರ್ಧದಷ್ಟು ಮಂದಿಯೂ ಸಿಗಲಿಲ್ಲ.

ಎರಡನೆಯ ಸುತ್ತಿನಲ್ಲಿ ಅಧ್ಯಯನದ ಕ್ಯಾಲೆಂಡರನ್ನು ಅನುದಾನದ ವರ್ಷದಿಂದ ಬಿಡಿಸಿ ಕಾಫಿಗೆ ಕಟ್ಟಿದೆವು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೋಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೆ ನಡೆಯುತ್ತದೆ. ಅಸ್ಸಾಂನಿಂದ ಬಂದ ಕುಟುಂಬಗಳೂ ಸೇರಿದಂತೆ ಕೆಲಸದವರು ಒಂದೆಡೆ ನಿಲ್ಲುವುದು ಆಗಲೇ. ಹೀಗಾಗಿ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ ಮುಗಿದ ವಾರ ನೋಂದಣಿ, ರೋಬಸ್ಟಾದ ಕೊನೆಯ ಬಟವಾಡೆಗೆ ಮೊದಲು ಕೊನೆಯ ಅಳತೆ ಎಂದು ನಿಗದಿ ಮಾಡಿದೆವು. ಬಟವಾಡೆ ಆದ ಮರುದಿನ ಹುಡುಕಿ ಪ್ರಯೋಜನವಿಲ್ಲ. ಮಧ್ಯದಲ್ಲಿ ತೋಟ ಬದಲಿಸಿದವರನ್ನು ಮೇಸ್ತ್ರಿಗಳ ಮೂಲಕ ಪತ್ತೆ ಹಚ್ಚಿದೆವು. ಆ ಮೇಸ್ತ್ರಿಗಳನ್ನು ಹೇಗೆ ಒಲಿಸಿಕೊಂಡೆವು ಎಂಬುದನ್ನು ಮುಖ್ಯ ಪ್ರಯೋಗ ಮುಗಿಯುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನೈತಿಕ ಸಮಿತಿಗೆ ಅದು ಗೊತ್ತಿದೆ, ಅಷ್ಟು ಸಾಕು.

ಈ ಬಾರಿ ಹಂಚಿಕೆಯ ಘಟಕ ವ್ಯಕ್ತಿಯಲ್ಲ, ತೋಟ. ಹತ್ತು ಹೆಕ್ಟೇರಿನೊಳಗಿನ ಸಣ್ಣ ತೋಟಗಳನ್ನೂ ಅದಕ್ಕಿಂತ ದೊಡ್ಡವನ್ನೂ ಬೇರೆ ಬೇರೆ ಸ್ತರಗಳಾಗಿ ವಿಂಗಡಿಸಿದೆವು. ಒಂದು ತೋಟದ ಎಲ್ಲ ಮಹಿಳೆಯರ ನೋಂದಣಿ ಮತ್ತು ಮೊದಲ ಅಳತೆ ಮುಗಿಯುವವರೆಗೆ ಆ ತೋಟ ಯಾವ ಗುಂಪಿಗೆ ಸೇರುತ್ತದೆಂದು ನನಗೂ ತಿಳಿಯದ ಹಾಗೆ, ಹಂಚಿಕೆಯ ಪಟ್ಟಿಯನ್ನು ಊರಾಚೆಯ ಗೆಳೆಯರೊಬ್ಬರ ವಶದಲ್ಲಿಟ್ಟೆವು. ಇದನ್ನು ಸಡಿಲಿಸಿದರೆ ದಿನವೂ ಮಾತ್ರೆ ಕೊಡುವ ತೋಟದಲ್ಲಿ ಹುರುಪಿನವರೇ ಸೇರುತ್ತಾರೆ, ಮತ್ತೆ ಯಾವ ಲೆಕ್ಕಾಚಾರದಿಂದಲೂ ಅದನ್ನು ಸರಿಪಡಿಸಲಾಗದು.

ಒಪ್ಪಿಗೆಯ ವಿಷಯದಲ್ಲಿ ಮಾಲೀಕರ ಅನುಮತಿ ಗೇಟು ದಾಟುವುದಕ್ಕೆ ಮಾತ್ರ. ಪ್ರತಿಯೊಬ್ಬ ಮಹಿಳೆಯ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ಹೆಬ್ಬೆಟ್ಟು ಒತ್ತುವವರಿಗೆ ನಿಷ್ಪಕ್ಷಪಾತ ಸಾಕ್ಷಿ ಬೇಕಾಗುವುದರಿಂದ, ಹಾಜರಿ ಬರೆಯುವ ರೈಟರ್ ಆ ಸಾಕ್ಷಿಯಾಗಬಾರದೆಂದು ನಿಯಮ ಮಾಡಿದೆವು. ಯರವ ಮತ್ತು ಪಣಿಯ ಗಿರಿಜನ ಮಹಿಳೆಯರಿಗೆ ಅವರ ಮಾತಿನಲ್ಲೇ ವಿವರಿಸುವವರನ್ನು ಅದೇ ಸಮುದಾಯದಿಂದ ನೇಮಿಸಿಕೊಂಡೆವು. ಅವರ ಸಂಬಳ ನಮ್ಮ ವೆಚ್ಚದಲ್ಲಿ ಅತ್ಯಂತ ಸಾರ್ಥಕವಾದ ಬಾಬತ್ತು. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕದ್ದು; ಅರ್ಧ ಗಂಟೆ ನಮಗೆ ಕೊಟ್ಟವರಿಗೆ ಆ ಹೊತ್ತಿನ ಹಣ್ಣಿನ ಬೆಲೆಯನ್ನು ಕಟ್ಟಿಕೊಟ್ಟೆವು, ಅದಕ್ಕಿಂತ ಹೆಚ್ಚು ಕೊಡಲಿಲ್ಲ. ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐನಲ್ಲಿ 2018ರ ಏಪ್ರಿಲ್‌ನಿಂದ ಪ್ರಯೋಗ ಆರಂಭಕ್ಕೆ ಮುಂಚಿನ ನೋಂದಣಿ ಮಾತ್ರ ಸ್ವೀಕಾರವಾಗುವುದರಿಂದ, ಪೈಲಟ್ ಅಲ್ಲವೇ ಎಂದು ಅದನ್ನು ಮುಂದೂಡುವ ಹಾಗಿಲ್ಲ.

ಪೈಲಟ್‌ಗೆ ಗುಂಪಿಗೆ 12 ಮಂದಿ ಸಾಕೆಂಬ ರೂಢಿಯ ಲೆಕ್ಕವನ್ನು ಹಲವರು ಹೇಳಿದರು. ಅಳತೆಯ ಏರಿಳಿತವನ್ನು ಅಂದಾಜಿಸುವುದಕ್ಕೆ ಅದು ಸರಿಯಿರಬಹುದು. ಎಷ್ಟು ಮಂದಿ ಕೊನೆಯವರೆಗೆ ಉಳಿಯುತ್ತಾರೆಂದು ತಿಳಿಯುವುದಕ್ಕೆ ಸಾಲದು. ನೂರಕ್ಕೆ 80 ಮಂದಿ ಉಳಿಯುವರೆಂದು ಊಹಿಸಿ 60 ಮಂದಿಯನ್ನು ತೆಗೆದುಕೊಂಡರೂ ಶೇಕಡ 95ರ ವಿಶ್ವಾಸಾಂತರ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) 70ರಿಂದ 90ರವರೆಗೆ ಹರಡುತ್ತದೆ, ಒಂದೇ ತೋಟದವರು ಒಟ್ಟಿಗೆ ಬರುವುದರಿಂದ ಇನ್ನೂ ಅಗಲವಾಗುತ್ತದೆ. ಅದಕ್ಕಾಗಿ ನಾವು ಅದರ ಎರಡರಷ್ಟಕ್ಕೂ ಮೀರಿ ಸೇರಿಸಿಕೊಂಡೆವು. ಮುಖ್ಯ ಪ್ರಯೋಗಕ್ಕೆ ಮುಂದುವರಿಯುವ ಮಾನದಂಡಗಳನ್ನು ಮೊದಲೇ ಬರೆದಿಟ್ಟೆವು: ಕೊನೆಯವರೆಗೆ ಉಳಿದವರು ನೂರಕ್ಕೆ 80ಕ್ಕೆ ಮೇಲಾದರೆ ಹಸಿರು, 65ರಿಂದ 80ರೊಳಗೆ ತಿದ್ದುಪಡಿಯೊಂದಿಗೆ ಹಳದಿ, ಅದಕ್ಕಿಂತ ಕೆಳಗಾದರೆ ಕೆಂಪು. ಫಲಿತಾಂಶ ಕಂಡ ಮೇಲೆ ಈ ಗೆರೆಗಳನ್ನು ಜರುಗಿಸುವ ಆಸೆ ಎಲ್ಲರಿಗೂ ಬರುತ್ತದೆ.

ಅಳತೆಯಲ್ಲಿ ಎರಡು ಸಂಗತಿಗಳು ತಲೆನೋವಾದವು. ಡಿಸೆಂಬರಿನ ಬೆಳಗಿನ ಚಳಿಗೆ ಬೆರಳು ಮರಗಟ್ಟಿ, ಹಿಂಡಿ ತೆಗೆದ ಹನಿಯ ಅಳತೆ ಒಂದೊಂದು ಸಲ ಒಂದೊಂದು ಬರುತ್ತಿತ್ತು. ಕೈಯನ್ನು ಬಿಸಿನೀರಿನಲ್ಲಿ ಅದ್ದಿಸಿ, ಕೆಲವರಲ್ಲಿ ರಕ್ತನಾಳದಿಂದಲೂ ತೆಗೆದು ಹೋಲಿಸಿದ ಮೇಲೆ ಸಮಾಧಾನವಾಯಿತು. ಎರಡನೆಯದು ಎತ್ತರ. ಎತ್ತರದಲ್ಲಿರುವವರಲ್ಲಿ ಹಿಮೋಗ್ಲೋಬಿನ್ ಸಹಜವಾಗಿಯೇ ಹೆಚ್ಚಿರುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ ಡೆಸಿಲೀಟರ್ ರಕ್ತಕ್ಕೆ 500ರಿಂದ 999 ಮೀಟರ್‌ವರೆಗೆ 0.4 ಗ್ರಾಂ, 1,000ದಿಂದ 1,499 ಮೀಟರ್‌ವರೆಗೆ 0.8 ಗ್ರಾಂ ಅಳತೆಯಿಂದ ಕಳೆಯಬೇಕು. ಮಡಿಕೇರಿಯ ಮೇಲಿನ ತೋಟವೂ ಕುಶಾಲನಗರದ ಕಡೆಯ ತೋಟವೂ ಬೇರೆ ಬೇರೆ ಪಟ್ಟಿಯಲ್ಲಿ ಬೀಳುವುದರಿಂದ, ಒಂದು ಕಡೆ ರಕ್ತಹೀನತೆ ಎನಿಸಿದ್ದು ಇನ್ನೊಂದು ಕಡೆ ಎನಿಸದೆ ಹೋಗುತ್ತದೆ. ತೋಟದ ಎತ್ತರವನ್ನು ಮೊದಲೇ ದಾಖಲಿಸಿಕೊಳ್ಳಬೇಕು. 8 ಗ್ರಾಂಗಿಂತ ಕಡಿಮೆ ಇದ್ದವರನ್ನು ಪ್ರಯೋಗಕ್ಕೆ ಸೇರಿಸದೆ ಆಸ್ಪತ್ರೆಗೆ ಕಳುಹಿಸಿದೆವು, ಗಿರಿಜನ ಮಹಿಳೆಯರಿಗೆ ಕುಡಗೋಲು ಕಣದ (ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ) ತಪಾಸಣೆಯನ್ನೂ ಮಾಡಿಸಿದೆವು.

ಇದರ ಜೊತೆಗೇ ಮಾಡಿದ ಸಣ್ಣ ಪ್ರಯೋಗವೊಂದನ್ನೂ ಹೇಳಬೇಕು. ಮೊದಲು ಬೆಳಗಿನ ಹಾಜರಿಯಲ್ಲೇ ಮಾತ್ರೆ ಕೊಡುತ್ತಿದ್ದೆವು, ಆದರೆ ಅಲ್ಲಿ ಎಲ್ಲರೂ ಬೆಲ್ಲದ ಕರಿ ಕಾಫಿ ಕುಡಿದೇ ಬಂದಿರುತ್ತಾರೆ, ಕಾಫಿ ಕಬ್ಬಿಣಾಂಶದ ಹೀರಿಕೆಯನ್ನು ತಗ್ಗಿಸುತ್ತದೆ. ಎರಡು ತೋಟಗಳಲ್ಲಿ ಅದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಸರಿಸಿ ನೋಡಿದಾಗ ಹೊಟ್ಟೆ ತೊಳಸುವ ದೂರೂ ಕಡಿಮೆಯಾಯಿತು. ಮುಖ್ಯ ಪ್ರಯೋಗದಲ್ಲಿ ಇದೇ ಕ್ರಮ.

ಮುಖ್ಯ ಪ್ರಯೋಗದ ಗಾತ್ರವನ್ನು ಪೈಲಟ್‌ನಲ್ಲಿ ಕಂಡ ಏರಿಕೆಯಿಂದ ಲೆಕ್ಕ ಹಾಕಲಿಲ್ಲ. ಸಣ್ಣ ಅಧ್ಯಯನದಲ್ಲಿ ಕಾಣುವ ಪರಿಣಾಮ ನಂಬಿಕೆಗೆ ಅರ್ಹವಲ್ಲ. ಬದಲಿಗೆ ಕನಿಷ್ಠ 0.5 ಗ್ರಾಂ ವ್ಯತ್ಯಾಸ ಬೇಕೆಂದು ಮೊದಲೇ ತೀರ್ಮಾನಿಸಿ, ಪ್ರಮಾಣಿತ ವಿಚಲನೆ (ಅಳತೆಗಳು ಸರಾಸರಿಯಿಂದ ಚದುರುವ ಮಟ್ಟ) 1.5 ಗ್ರಾಂ, ಶಕ್ತಿ (ಆ ವ್ಯತ್ಯಾಸ ನಿಜವಾಗಿದ್ದರೆ ಅದನ್ನು ಹಿಡಿಯುವ ಸಾಧ್ಯತೆ) ಶೇಕಡ 80 ಎಂದಿಟ್ಟುಕೊಂಡಾಗ ಗುಂಪಿಗೆ ಸುಮಾರು 140 ಮಂದಿ ಬಂತು. ತೋಟಕ್ಕೆ 20 ಮಂದಿ, ಒಳಗುಂಪಿನ ಸಹಸಂಬಂಧ (ಒಂದೇ ತೋಟದವರು ಪರಸ್ಪರ ಹೋಲುವ ಮಟ್ಟ) 0.05 ಎಂದರೆ ವಿನ್ಯಾಸ ಪರಿಣಾಮ (ಆ ಕಾರಣಕ್ಕೆ ಗಾತ್ರವನ್ನು ಹಿಗ್ಗಿಸಬೇಕಾದ ಪಟ್ಟು) 1.95, ಅಂದರೆ 275 ಮಂದಿ. ಐದರಲ್ಲಿ ಒಬ್ಬರು ಕೈತಪ್ಪುವರೆಂದು ಸೇರಿಸಿದರೆ 345ರ ಆಸುಪಾಸು, ಗುಂಪಿಗೆ 18 ತೋಟಗಳು. ಒಟ್ಟು 36 ತೋಟಗಳನ್ನು ಒಂದೇ ಕೊಯ್ಲಿನಲ್ಲಿ ಮುಗಿಸಲು ನಮ್ಮ ಬಳಿ ಜನರೂ ಇಲ್ಲ, ಜೀಪಿನ ದುಡ್ಡೂ ಇಲ್ಲ. ಆದ್ದರಿಂದ ಎರಡು ಕೊಯ್ಲುಗಳಿಗೆ 18ರಂತೆ ಹಂಚಿ, ಕೊಯ್ಲಿನ ವರ್ಷವನ್ನೇ ಒಂದು ಸ್ತರವಾಗಿ ಸೇರಿಸಿದ್ದೇವೆ. ಮೊದಲ ಹದಿನೆಂಟು ತೋಟಗಳ ಮಾಲೀಕರು ಈಗಾಗಲೇ ಸಹಿ ಹಾಕಿದ್ದಾರೆ.