ಹುರುಳಿಗೆ ನಾನು ಸ್ಪಾನ್ಸರ್

ಬೆಂಗಳೂರಿನಲ್ಲಿ ನನ್ನದು ಬಾಡಿಗೆ ಮನೆ. ನಾಯಿ ಅಂದರೆ ಓನರ್ ಮೂಗು ಮುರಿಯುತ್ತಾರೆ. ಹಾಗಾಗಿ ದತ್ತು ತೆಗೆದುಕೊಳ್ಳುವ ಮಾತೇ ಇರಲಿಲ್ಲ. ಯಲಹಂಕದ ಆಚೆಗಿರುವ ಒಂದು ಶೆಲ್ಟರ್‌ನಲ್ಲಿ ನಾಯಿಗೆ ಸ್ಪಾನ್ಸರ್ ಆಗಬಹುದು ಅಂತ ಗೆಳತಿ ಹೇಳಿದಳು. ನಾಯಿ ಅಲ್ಲೇ ಇರುತ್ತದೆ; ಅದರ ಊಟ, ಲಸಿಕೆ, ಔಷಧಿಗೆ ಅಂತ ನಾವು ತಿಂಗಳಿಗಿಷ್ಟು ಕೊಡಬೇಕು.

ಗೇಟಿನಲ್ಲೇ ಮೈಮೇಲೆ ಹಾರಿ ಮುದ್ದು ಮಾಡಿಸಿಕೊಳ್ಳುವ ನಾಯಿಗಳು ಬೇಕಾದಷ್ಟಿದ್ದವು. ಅವಕ್ಕೆ ಹೇಗೂ ಯಾರಾದರೂ ಸಿಗುತ್ತಾರೆ ಅಲ್ವಾ? ಯಾರೂ ಕೇಳದ ನಾಯಿ ಯಾವುದು ಅಂತ ವಿಚಾರಿಸಿದೆ. ಅಲ್ಲಿ ನಾಯಿ ನೋಡಿಕೊಳ್ಳುವ ಅಕ್ಕ ಕೊನೆಯ ಕೆನಲ್ ತೋರಿಸಿದರು. ಹುರುಳಿಕಾಳಿನ ಬಣ್ಣದ ಹೆಣ್ಣು ನಾಯಿ. ಹೆಸರೂ ಹುರುಳಿ. ನೀರಿನ ತೊಟ್ಟಿಯ ಹಿಂದೆ, ಗೋಡೆಗೆ ಬೆನ್ನು ಒತ್ತಿಕೊಂಡು ಮುದುರಿ ಕೂತಿದ್ದಳು. ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಗುರುತು. ಆಪರೇಷನ್, ರೇಬಿಸ್ ಲಸಿಕೆ ಮುಗಿದ ಬೀದಿನಾಯಿಯನ್ನು ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡಬೇಕು ಅನ್ನುತ್ತದೆ 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮ. ಆದರೆ ಆಮೇಲೆ ಇವಳಿಗೆ ಲಾರಿ ಗುದ್ದಿ ಒಂದು ಹಿಂಗಾಲು ಹೋಗಿತ್ತು. ಮೂರು ಕಾಲಿನವಳನ್ನು ಮತ್ತೆ ಹೈವೇ ಪಕ್ಕ ಬಿಡೋದಾದರೂ ಹೇಗೆ?

"ಅವಳ ಕಡೆ ನೋಡ್ಬೇಡಿ ಮೇಡಂ. ಆ ಕಡೆ ಮುಖ ಮಾಡಿ ಸುಮ್ನೆ ಕೂತ್ಕೊಳ್ಳಿ. ಕೈ ಮಾತ್ರ ಚಾಚ್ಬೇಡಿ" ಅಂದರು ಅಕ್ಕ. ಎಷ್ಟೋ ಭಾನುವಾರ ನಾನು ಮಾಡಿದ್ದು ಇಷ್ಟೇ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ಮೆಲ್ಲಗೆ ಪೇಪರ್ ಓದುತ್ತಿದ್ದೆ. ರಾಜಕೀಯ ಸುದ್ದಿಗೆ ಅವಳು ಆಕಳಿಸುತ್ತಿದ್ದಳು. ನಿದ್ದೆ ಅಂದುಕೊಳ್ಳಬೇಡಿ! ಹೆದರಿದ ನಾಯಿಯೂ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ತಲೆ ಆಡಿಸದೆ ಕಣ್ಣಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಇವು ಕಂಡರೆ ನಾನು ಇನ್ನಷ್ಟು ಹಿಂದೆ ಸರಿಯುತ್ತಿದ್ದೆ.

ಬೇಯಿಸಿದ ಕೋಳಿ ಲಿವರ್‌ನ ಚೂರುಗಳನ್ನು ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ಅದನ್ನು ನನ್ನ ಹತ್ತಿರ ಹಾಕಿದರೆ ಹುರುಳಿ ಮೈಯನ್ನೆಲ್ಲ ಮುಂದಕ್ಕೆ ಚಾಚುತ್ತಿದ್ದಳು, ಉಳಿದ ಹಿಂಗಾಲು ಮಾತ್ರ ಓಡಲು ರೆಡಿ. ಚೂರು ಕಚ್ಚಿದವಳೇ ಪರಾರಿ. ಒಂದು ಕಡೆ ಹಸಿವು ಎಳೆಯುತ್ತೆ, ಇನ್ನೊಂದು ಕಡೆ ಭಯ ತಳ್ಳುತ್ತೆ. ಅದಕ್ಕೆ ಅಕ್ಕ ಚೂರನ್ನು ಅವಳ ಬೆನ್ನ ಹಿಂದಕ್ಕೆ ಎಸೆಯಲು ಹೇಳಿದರು. ನನ್ನಿಂದ ದೂರ ಹೋಗಿ ನಿರಾಳವಾಗಿ ತಿಂದಳು. ತಿಂದು, ಇನ್ನೊಂದು ಎಲ್ಲಿ ಅಂತ ತಾನಾಗಿಯೇ ನನ್ನ ಕಡೆ ತಿರುಗಿ ಬಂದಳು. ಹತ್ತಿರ ಬರೋದು ಅವಳ ಕೈಲೇ ಇದೆ ಅಂತ ಗೊತ್ತಾದ ಮೇಲೆ ಕೆಲಸ ಹಗುರಾಯಿತು.

ಮೊದಲು ಮುಟ್ಟಿದ್ದು ಎದೆಯ ಹತ್ತಿರ. ತಲೆಯ ಮೇಲಿಂದ ಕೈ ಇಳಿಸಿದರೆ ಈಗಲೂ ಬಗ್ಗುತ್ತಾಳೆ. ಒಂದು, ಎರಡು, ಮೂರು ಎಣಿಸುವಷ್ಟು ಸವರಿ ಕೈ ತೆಗೆಯುತ್ತೇನೆ. ಇನ್ನೂ ಬೇಕಿದ್ದರೆ ಮೂತಿಯಿಂದ ತಿವಿಯುತ್ತಾಳೆ. ಬೇಡದಿದ್ದರೆ ಎದ್ದು ಹೋಗುತ್ತಾಳೆ.

ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ಹುಟ್ಟುಹಬ್ಬಕ್ಕೆ ಒಮ್ಮೆ ದೊಡ್ಡ ಮೊತ್ತ ಕೊಡೋದಕ್ಕಿಂತ ತಿಂಗಳು ತಿಂಗಳು ಬ್ಯಾಂಕಿಂದ ತಾನೇ ಕಟ್ ಆಗುವಂತೆ ಮಾಡೋದು ಮೇಲು. ಅಕ್ಕನಂಥವರ ಸಂಬಳ, ಅಕ್ಕಿ ಮೂಟೆ ಎಲ್ಲ ಪ್ರತಿ ತಿಂಗಳ ಖರ್ಚು. ಮಳೆಗಾಲದಲ್ಲಿ ಹುರುಳಿಗೆ ಉಣ್ಣಿ ಕಚ್ಚಿ ಜ್ವರ ಬಂತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ರಕ್ತ ಪರೀಕ್ಷೆ. ಇಂಥ ಖರ್ಚು ತಿಂಗಳ ಹಣದಲ್ಲೇ ಸೇರಿದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (80ಜಿ ಅಂತ ಹೆಸರಾಗಿದ್ದು) ಸಂಸ್ಥೆಗೆ ಇದೆಯಾ ಅಂತಲೂ ಕೇಳಿ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಅದರಿಂದ ರಿಯಾಯಿತಿ ಸಿಗುತ್ತದೆ, ಆದರೆ ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಇಲ್ಲ.

ಹೆಲ್ಮೆಟ್ ಹಾಕಿದವರು ಬಂದರೆ ಹುರುಳಿ ಈಗಲೂ ತೊಟ್ಟಿಯ ಹಿಂದೆ ಓಡುತ್ತಾಳೆ. ಅದು ಪೂರ್ತಿ ಹೋಗಲೇಬೇಕು ಅಂತ ನನಗೇನೂ ಹಟವಿಲ್ಲ. ಈಚೆಗೆ ತೋಟದ ಮನೆಯವರೊಬ್ಬರು ಅವಳನ್ನು ಕೇಳಿಕೊಂಡು ಬಂದು ಹೋಗುತ್ತಿದ್ದಾರೆ. ಅವಳು ಹೋದರೆ ನನ್ನ ಹಣ ಪಕ್ಕದ ಕೆನಲ್‌ನ ಕರಿಯನಿಗೆ ಅಂತ ಅಕ್ಕನಿಗೆ ಹೇಳಿಟ್ಟಿದ್ದೇನೆ. ಅವನಂತೂ ನನಗೆ ಇನ್ನೂ ಮುಖವನ್ನೇ ತೋರಿಸಿಲ್ಲ.