ಹದಿಮೂರನೇ ತಾರೀಖಿನ ಕೀರ್ತನೆ

ಚಿಕ್ಕಂದಿನಿಂದ ಚರ್ಚಿನ ಸಭೆಗೆ ಹೋಗುತ್ತಾ ಬೆಳೆದವನು ನಾನು. ಹಾಡುಗಳೆಲ್ಲ ಬಾಯಿಪಾಠ. ಆದರೂ ನಲವತ್ತು ಹತ್ತಿರ ಬರುವ ಹೊತ್ತಿಗೆ ಒಳಗೆಲ್ಲ ಒಣಗಿಹೋಗಿತ್ತು. ಪ್ರಾರ್ಥನೆ ಅಂದರೆ ಬೇಡಿಕೆಗಳ ಪಟ್ಟಿ. ಕೆಲಸ, ಸಾಲ, ಮಕ್ಕಳ ಪರೀಕ್ಷೆ, ಆಮೆನ್.

ಜೀವ ಸಮೃದ್ಧಿಯಾಗಿ ಇರಬೇಕೆಂದು ಬಂದೆ ಅಂತ ಯೇಸು ಹೇಳಿದ ಮಾತು ಬೈಬಲಿನ ಯೋಹಾನನ ಸುವಾರ್ತೆಯಲ್ಲಿದೆ, 10ನೇ ಅಧ್ಯಾಯ. ಸಮೃದ್ಧಿ ಅಂದರೆ ದುಡ್ಡು, ಬಡ್ತಿ, ಆರೋಗ್ಯ ಅಂತಲೇ ನಾನು ತಿಳಿದಿದ್ದೆ. ಅವು ಬಾರದಿದ್ದಾಗ ದೇವರ ಮೇಲೆ ಮುನಿಸು. ಒಂದು ದಿನ ಸುಮ್ನೆ ಆ ವಚನದ ಹಿಂದುಮುಂದೆ ಓದಿದೆ. ದುಡ್ಡಿನ ಮಾತೇ ಇಲ್ಲ! ಕುರಿ, ಹಟ್ಟಿ, ಬಾಗಿಲು, ಕಳ್ಳ, ಕುರುಬ. ಕುರುಬ ಹೆಸರು ಹಿಡಿದು ಕರೆಯುತ್ತಾನೆ, ಕುರಿಗೆ ಅವನ ದನಿ ಗೊತ್ತು, ಅದಕ್ಕೇ ಹಿಂದೆ ಹೋಗುತ್ತದೆ. ಇಷ್ಟು ವರ್ಷ ಸಭೆಯಲ್ಲಿ ಕೂತರೂ ನನಗೆ ಆ ದನಿಯ ಗುರುತೇ ಇರಲಿಲ್ಲ.

ಹಾಗಾಗಿ ಮಾರ್ಕನ ಸುವಾರ್ತೆ ಹಿಡಿದೆ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಒಂದೇ ಘಟನೆ, ಗಟ್ಟಿಯಾಗಿ ಓದುವುದು. ಮೊದಲ ಅಧ್ಯಾಯದಲ್ಲೇ ಒಂದು ಕಡೆ ನಿಂತುಬಿಟ್ಟೆ. ಸಂಜೆಯೆಲ್ಲ ರೋಗಿಗಳನ್ನು ವಾಸಿಮಾಡಿದ ಯೇಸು, ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥನೆ ಮಾಡುತ್ತಾನೆ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯರು ಬಂದರೆ, ಬೇರೆ ಊರಿಗೆ ಹೋಗೋಣ ಅನ್ನುತ್ತಾನೆ. ಕರೆದವರಿಗೆಲ್ಲ ಹೂಂ ಅನ್ನುತ್ತಾ ಸುಸ್ತಾಗಿದ್ದ ನನಗೆ ಅದು ದೊಡ್ಡ ಬಿಡುಗಡೆ. ಭಾನುವಾರ ಆಫೀಸಿನ ಫೋನ್ ಬಂದ್ ಮಾಡುವ ಧೈರ್ಯ ಬಂದದ್ದು ಅಲ್ಲಿಂದಲೇ.

ಪ್ರಾರ್ಥನೆಗೆ ನನ್ನ ಮಾತು ಖಾಲಿಯಾಗಿತ್ತಲ್ಲ, ಅದಕ್ಕೆ ಬೈಬಲಿನ ಕೀರ್ತನೆಗಳು ಸಿಕ್ಕಿದವು, ಅಂದರೆ ಹಾಡಿನ ರೂಪದ ಪ್ರಾರ್ಥನೆಗಳು. ಒಟ್ಟು 150. ದಿನಕ್ಕೆ ಐದರಂತೆ 30 ದಿನಕ್ಕೆ ಮುಗಿಯುತ್ತವೆ. ಲೆಕ್ಕ ಸುಲಭ: ಅವತ್ತಿನ ತಾರೀಖಿನ ಕೀರ್ತನೆ, ಆಮೇಲೆ 30 ಕೂಡಿಸುತ್ತಾ ಹೋಗುವುದು. 7ನೇ ತಾರೀಖಾದರೆ 7, 37, 67, 97, 127. (29 ಬಂದರೆ ಸ್ವಲ್ಪ ಅಂಜಿಕೆ, ಅವತ್ತು 119ನೇ ಕೀರ್ತನೆ, 176 ವಚನ!) ಎಲ್ಲವೂ ಹೊಗಳಿಕೆಯಲ್ಲ. ಬೈಗುಳ ಇದೆ, ಅಳು ಇದೆ. 88ನೆಯದಂತೂ ಸಮಾಧಾನವೇ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ದೇವರ ಮುಂದೆ ನಗುಮುಖ ಹಾಕಿಕೊಂಡು ಕೂರಬೇಕಿಲ್ಲ ಅಂತ ನನಗೆ ಕಲಿಸಿದ್ದು ಅದೇ.

ತೊಂದರೆ ಶುರುವಾದದ್ದು 13ನೇ ತಾರೀಖಿಗೆ. ಅವತ್ತು 133 ಬರುತ್ತದೆ. ಸಹೋದರರು ಒಂದಾಗಿರುವುದು ಎಷ್ಟು ಚೆಂದ ಅನ್ನುವ ಪುಟ್ಟ ಕೀರ್ತನೆ, ಮೂರೇ ವಚನ. ಮನೆ ಪಾಲಿನ ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಮೊದಲ ತಿಂಗಳು ಅದನ್ನು ಹಾರಿಸಿದೆ. ಎರಡನೇ ತಿಂಗಳು ಬೇಗ ಬೇಗ ಓದಿದೆ. ಮೂರನೇ ತಿಂಗಳಿಗೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಒಂದಾಗು ಅನ್ನುವ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ ಮಾತೂ ಸೇರಿಕೊಂಡಿತು. ಇನ್ನು ತಪ್ಪಿಸಿಕೊಳ್ಳುವುದು ಎಲ್ಲಿಗೆ?

ಫೋನ್ ಮಾಡಿದೆ. ಕೈ ನಡುಗುತ್ತಿತ್ತು.

"ಅಣ್ಣಾ, ನಾನು."

"ಏನ್ ಬೇಕು?"

"ಏನೂ ಬೇಡ. ಅವತ್ತು ಹಾಗೆ ಮಾತಾಡಬಾರದಿತ್ತು. ತಪ್ಪಾಯ್ತು."

ಫೋನ್ ಇಟ್ಟುಬಿಟ್ಟ. ಕಣ್ಣೀರು, ಅಪ್ಪುಗೆ ಅಂತ ಏನೇನೋ ಅಂದುಕೊಂಡಿದ್ದೆ, ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಅಂತ ಸಭೆಯಲ್ಲಿ ಸಾಕ್ಷಿ ಹೇಳುವವರ ಕಥೆಗಳಲ್ಲಿ ಹಾಗೇ ಆಗುತ್ತದಲ್ಲ. ನನಗೆ ಸಿಕ್ಕಿದ್ದು ಟೂಂ ಟೂಂ ಸದ್ದು. ಆದರೆ ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು, ಅದು ಮಾತ್ರ ನಿಜ.

ಆಮೇಲೆ ಪ್ರತಿ 13ಕ್ಕೆ ಫೋನ್ ಮಾಡುತ್ತಾ ಬಂದೆ. ಮೊದಮೊದಲು ಅರ್ಧ ನಿಮಿಷ. ಈಗ ಹತ್ತು ನಿಮಿಷ. ಪಾಲಿನ ವಿಷಯ ಇನ್ನೂ ಬಗೆಹರಿದಿಲ್ಲ, ಅದನ್ನು ಇಬ್ಬರೂ ಎತ್ತುವುದೂ ಇಲ್ಲ. ಹೋದ ತಿಂಗಳು ಕೆಲಸದ ಗಡಿಬಿಡಿಯಲ್ಲಿ ಕೀರ್ತನೆಯನ್ನೂ ಮರೆತೆ, ಫೋನನ್ನೂ ಮರೆತೆ. ರಾತ್ರಿ ಒಂಬತ್ತೂವರೆಗೆ ಅವನದೇ ಫೋನ್ ಬಂತು.

"ಯಾಕೋ, ಇವತ್ತು ಹದಿಮೂರು ಅಲ್ವಾ?"