ಕೆರೆಯ ಕಾಮಗಾರಿಗೆ ಮುನ್ನ ಯಾರನ್ನು, ಹೇಗೆ ಕೇಳಬೇಕು

ಅಂದಾಜುಪಟ್ಟಿ ಸಿದ್ಧವಾಗಿ ಹಣ ಮಂಜೂರಾದ ಮೇಲೆ ಕರೆಯುವ ಸಭೆಯಲ್ಲಿ ಊರಿನವರಿಗೆ ತೀರ್ಮಾನಿಸಲು ಏನೂ ಉಳಿದಿರುವುದಿಲ್ಲ. ಅಲ್ಲಿ ಅವರು ಸಹಿ ಹಾಕುತ್ತಾರೆ, ಅಷ್ಟೆ. ಆದ್ದರಿಂದ ಹೂಳು ಎಲ್ಲಿ ತೆಗೆಯಬೇಕು, ಎಷ್ಟು ಆಳಕ್ಕೆ, ತೆಗೆದ ಮಣ್ಣು ಯಾರಿಗೆ ಎಂಬುದನ್ನು ಗ್ರಾಮ ಪಂಚಾಯಿತಿಯು ನಕಾಶೆ ಬರೆಯುವ ಮೊದಲೇ ಕೇಳಬೇಕು.

ಕೆರೆಯನ್ನು ನೆಚ್ಚಿದವರೆಲ್ಲರ ಪಟ್ಟಿ ಮಾಡುವುದು ಮೊದಲ ಕೆಲಸ. ಕೆರೆಯ ನೀರಿನಿಂದ ಬೆಳೆಯುವ ಅಚ್ಚುಕಟ್ಟಿನ ರೈತರು ಕರೆಯದಿದ್ದರೂ ಬರುತ್ತಾರೆ. ಮೀನು ಹಿಡಿಯುವವರು, ಕೆರೆಯಂಗಳದಲ್ಲಿ ಕುರಿ ಮೇಯಿಸುವವರು, ಮಣ್ಣು ಒಯ್ಯುವ ಕುಂಬಾರರು, ಬಟ್ಟೆ ಒಗೆಯುವ ಹೆಂಗಸರು, ಗದ್ದೆಗೆ ನೀರು ಬಿಡುವ ತೂಬನ್ನು ನೋಡಿಕೊಳ್ಳುವ ನೀರಗಂಟಿ, ಇವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಅಂಗಳದ ಅಂಚಿನಲ್ಲಿ ತುಂಡು ನೆಲ ಉಳುವ ಭೂಹೀನರನ್ನೂ ಕರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅವರ ಮಾತು ಕೇಳಿದ ಮಾತ್ರಕ್ಕೆ ಒತ್ತುವರಿಯನ್ನು ಒಪ್ಪಿದಂತಾಗುವುದಿಲ್ಲ, ಕೇಳದೆ ತೆರವು ಮಾಡಿದರೆ ಜಗಳ ಮಾತ್ರ ತಲೆಮಾರುಗಟ್ಟಲೆ ಉಳಿಯುತ್ತದೆ. ಕೆರೆ ತುಂಬಿ ಕೋಡಿ ಹರಿದ ನೀರು ಮುಂದಿನ ಕೆರೆಗೆ ಸೇರುವುದರಿಂದ ಕೆಳಗಿನ ಊರಿನವರೂ ಪಟ್ಟಿಯಲ್ಲಿರಲಿ.

ಬಳಿಕ ಇವರೊಡನೆ ಏರಿಯ ಮೇಲೆ ಕೋಡಿಯಿಂದ ತೂಬಿನವರೆಗೆ ನಡೆಯಿರಿ. ಸಭೆಯಲ್ಲಿ ಬಾಯಿ ಬಿಡದವರು ಕೆರೆಯ ದಂಡೆಯಲ್ಲಿ ನಿಂತಾಗ ಹೂಳು ಎಲ್ಲಿಂದ ಬರುತ್ತಿದೆ, ಕೆರೆಗೆ ಮಳೆನೀರು ತರುವ ರಾಜಕಾಲುವೆ ಎಲ್ಲಿ ಮುಚ್ಚಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಕೇರಿಗಳಲ್ಲಿ ಸಣ್ಣ ಸಭೆಗಳನ್ನು ಸಂಜೆ ಕೆಲಸ ಮುಗಿದ ಹೊತ್ತಿನಲ್ಲಿ ನಡೆಸಿ, ಅನಂತರ ವಾರ್ಡ್ ಸಭೆಗೂ ಗ್ರಾಮಸಭೆಗೂ ವಿಷಯವನ್ನು ಒಯ್ಯುವುದು ಒಳ್ಳೆಯದು.

ತಿಳಿದದ್ದನ್ನು ಮುಚ್ಚಿಡದೆ ಹೇಳುವುದೇ ಇದರಲ್ಲೆಲ್ಲ ಕಠಿಣವಾದ ಭಾಗ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿದಾಗ, ಬತ್ತಿದ ಕೊಳವೆಬಾವಿಗಳನ್ನು ಕಂಡಿದ್ದ ಅನೇಕರು ಅದನ್ನು ಸ್ವಾಗತಿಸಿದರು. ನೊರೆ ಕಾಣಿಸಿಕೊಂಡಾಗ ಆತಂಕ ಹುಟ್ಟಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಕರಗಿಸುವ ಎರಡನೆಯ ಹಂತದ ಸಂಸ್ಕರಣೆ ಸಾಕೇ, ಉಳಿದ ಕಲ್ಮಶವನ್ನೂ ತೆಗೆಯುವ ಮೂರನೆಯ ಹಂತವೂ ಬೇಕೇ ಎಂಬ ಪ್ರಶ್ನೆ ತಜ್ಞರದ್ದು ಮಾತ್ರವಲ್ಲ, ಆ ನೀರಿನ ಪಕ್ಕದಲ್ಲಿ ಬದುಕುವವರದ್ದೂ ಹೌದು. ಇಂಥ ಕಡೆ ನೀರನ್ನು ಯಾರು ಪರೀಕ್ಷಿಸುತ್ತಾರೆ, ಫಲಿತಾಂಶ ಯಾವ ದಿನ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರುತ್ತದೆ, ಕೆಟ್ಟರೆ ಹರಿವನ್ನು ನಿಲ್ಲಿಸುವ ಅಧಿಕಾರ ಯಾರಿಗೆ ಎಂಬುದನ್ನು ಮೊದಲೇ ಬರೆದಿಡಬೇಕು.

ದೊಡ್ಡ ಯೋಜನೆಗಳ ಪರಿಸರ ಪರಿಣಾಮ ಕುರಿತ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯು ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕೆಂದೂ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂದೂ ವಿಧಿಸುತ್ತದೆ. ಹೂಳೆತ್ತುವ ಸಣ್ಣ ಕಾಮಗಾರಿಗೆ ಆ ಕಟ್ಟಳೆ ಇಲ್ಲದಿದ್ದರೂ ಆ ಪದ್ಧತಿಯನ್ನು ಅನುಸರಿಸಬಹುದು. ಆಕ್ಷೇಪಗಳನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. ಒಪ್ಪದಿದ್ದರೆ ಕಾರಣ ಬರೆಯಿರಿ. ಜೆಸಿಬಿ ಕೆರೆಗೆ ಇಳಿಯುವ ಮೊದಲು ಆ ಉತ್ತರಗಳನ್ನು ಹಿಡಿದುಕೊಂಡು ಅದೇ ಕೇರಿಗಳಿಗೆ ಮತ್ತೊಮ್ಮೆ ಹೋಗಿ ಓದಿ ಹೇಳಿ.